ಪಿಸುಮಾತಿಗೆ ಹಾರ್ಮೋನಿಯಂ ಕಟ್ಟಿದ್ದು

ಹಳಿಯಾಳದ ಪೇಟೆಯಲ್ಲಿ ನನ್ನದೊಂದು ಸೌಂಡ್ ಸಿಸ್ಟಮ್ ಅಂಗಡಿ ಇದೆ. ಬಾಡಿಗೆಗೂ ಕೊಡುತ್ತೇನೆ, ರಿಪೇರಿಯೂ ಮಾಡುತ್ತೇನೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವರಿಗೆ ಏನು ಬೇಕು, ಎಷ್ಟು ದರಕ್ಕೆ ಒಪ್ಪುತ್ತಾರೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲೆ. ಆ ಮಧ್ಯಾಹ್ನ ಬಂದ ಇಬ್ಬರು ಹೆಂಗಸರ ಮುಂದೆ ಮಾತ್ರ ನನ್ನ ಅಂದಾಜು ಕೆಲಸಕ್ಕೆ ಬರಲಿಲ್ಲ.

ಹಿರಿಯಳು ನನಗೆ ಗೊತ್ತಿದ್ದವಳೇ. ದಾಂಡೇಲಿ ರಸ್ತೆಯ ಒಂದು ಹಳ್ಳಿಯ ಸಿದ್ದಿ ಹೆಣ್ಣುಮಗಳು. ಕಬ್ಬು ಕಡಿಯುವ ಗ್ಯಾಂಗಿಗೆ ಮುಂದಾಳು, ಮದುವೆಯ ಹಾಡಿಗೂ ಮುಂದಾಳು. ಅವರ ಕಡೆಯ ಎಷ್ಟೋ ಮದುವೆಗಳಿಗೆ ನಾನು ಮೈಕ್ ಕಟ್ಟಿದ್ದೇನೆ. ಆಕೆ ಒಮ್ಮೆಯೂ ಅದನ್ನು ಮುಟ್ಟಿದವಳಲ್ಲ. “ಇದನ್ನ ಭಾಷಣ ಮಾಡೂ ಗಂಡಸರಿಗೆ ಕೊಡ್ರಿ” ಎಂದು ಪಕ್ಕಕ್ಕೆ ಸರಿಸಿ ಹಾಡಿದರೆ ಊರ ಹೊರಗಿನ ಗದ್ದೆಗೂ ಕೇಳಿಸುತ್ತಿತ್ತು. ಜೊತೆಗೆ ಬಂದವಳು ಆಕೆಯ ಅಣ್ಣನ ಮಗಳು. ದಾಂಡೇಲಿಯ ದವಾಖಾನೆಯೊಂದರಲ್ಲಿ ನರ್ಸ್. ಇನ್ನು ಮೂರು ವಾರಕ್ಕೆ ಅವಳ ಮದುವೆ.

“ಅಣ್ಣಾರ, ನಿಮ್ಮ ಹಂತೇಕ ಇರೂದ್ರಾಗ ಎಲ್ಲಾಕಿಂತ ಜೋರ ಮೈಕ್ ಯಾವುದ್ರಿ?” ಎಂದು ಹುಡುಗಿ ಕೇಳಿದಳು.

“ಯಾಕ ತಂಗಿ? ನಿಮ್ಮ ಅತ್ತಿ ಬಾಯಿಗೆ ಮೈಕ್ ಹಿಡದರ ಮೈಕ್ ಒಡದ ಹೋದೀತು!”

ಅತ್ತೆ ಏನೋ ಅಂದಳು. ತುಟಿ ಆಡಿತು, ನಾಲಿಗೆ ಆಡಿತು, ಹೊರಗೆ ಬಂದದ್ದು ಬರೀ ಗಾಳಿ. ನನ್ನ ನಗು ಅಲ್ಲೇ ಇಂಗಿತು.

ಕುತ್ತಿಗೆಯಲ್ಲಿ ಗಂಟಾಗಿತ್ತಂತೆ. ಆಪರೇಷನ್ ಮಾಡದಿದ್ದರೆ ಜೀವಕ್ಕೇ ಅಪಾಯ, ಮಾಡಿದರೆ ದನಿಯ ನರಕ್ಕೆ ಪೆಟ್ಟಾದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು. ಗಂಟಲಿನ ಎರಡು ಪಟ್ಟಿಗಳು ಒಂದಕ್ಕೊಂದು ಕೂಡುವುದು ನಿಂತಿತು. ವರ್ಷವಾದರೂ ಪಿಸುಮಾತಿನ ಆಚೆ ಆಕೆಗೆ ದನಿ ಇಲ್ಲ.

ಬೀಗರ ಹಾಡು ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಉಂಟು. ಇವರ ಮನೆತನದಲ್ಲಿ ಅದಕ್ಕೊಂದು ಕಟ್ಟುಪಾಡು. ಗಂಡಿನವರು ಬಂದು ಹಂದರದ ಹೊರಗೆ ನಿಲ್ಲಬೇಕು. ಮದುಮಗಳ ಸೋದರತ್ತೆ ಒಳಗಿನಿಂದ ಒಬ್ಬೊಬ್ಬರನ್ನೇ ಗುರುತು ಹಿಡಿದು ಚುಚ್ಚಿ ಹಾಡಬೇಕು. ಗಂಡಿನ ಕಡೆಯ ಹಾಡುಗಾರ್ತಿ ತಿರುಗಿ ಕೊಡಬೇಕು. ಒಂದು ತಾಸಾದರೂ ಜಗ್ಗಾಡಿ ಯಾರಾದರೊಬ್ಬರು ಸೋತೆ ಎಂದ ಮೇಲೆಯೇ ಹಂದರದ ಬಾಗಿಲಿಗೆ ಅಡ್ಡ ಹಿಡಿದ ಸೀರೆ ಸರಿಯುವುದು.

ನಾನು ಉಪದೇಶಕ್ಕೆ ಇಳಿದೆ. “ಹಳೇ ಮದುವ್ಯಾಗಿನ ವಿಡಿಯೋ ಇರ್ತಾವಲ್ಲ, ಅದರಾಗಿನ ಹಾಡ ಹಚ್ಚಿಬಿಡೂಣು.”

“ಯಾರ ಬರ್ತಾರ, ಏನ ಉಟಗೊಂಡ ಬರ್ತಾರ ನೋಡಿ ಅಲ್ಲೇ ಕಟ್ಟಿ ಹಾಡಬೇಕ್ರಿ. ಹಳೇ ಹಾಡಿನ್ಯಾಗ ಹಳೇ ಬೀಗರ ಇರ್ತಾರ” ಎಂದಳು ಹುಡುಗಿ.

“ಹಂಗಾರ ಬ್ಯಾರೆ ಯಾರರ ಹೆಣ್ಮಕ್ಕಳು...”

ಅತ್ತೆ ಕೈ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದಳು. “ಈಕಿಗೆ ತಾಯಿಲ್ಲ, ಬೆಳಸಿದಾಕಿ ನಾ. ಬ್ಯಾರೆದಾಕಿ ಹಾಡಿದರ ಈಕಿ ಅಳತಾಳ. ನನಗ ಈಕಿನ್ನ ನಗಸೂದೈತಿ.”

ಅಂಗಡಿಯಲ್ಲಿದ್ದ ಒಳ್ಳೆಯ ಮೈಕ್ ತೆಗೆದು ಆಂಪ್ಲಿಫೈಯರಿಗೆ ಹಾಕಿ ನೋಡಿದೆ. ಪಿಸುಮಾತನ್ನು ದೊಡ್ಡದು ಮಾಡಿದರೆ ದೊಡ್ಡ ಪಿಸುಮಾತಾಗುತ್ತದೆಯೇ ಹೊರತು ಹಾಡಾಗುವುದಿಲ್ಲ. ಇನ್ನಷ್ಟು ಏರಿಸಿದಾಗ ಸ್ಪೀಕರ್ ಸಿಳ್ಳೆ ಹಾಕಿತು. ಅತ್ತೆ ಸೆರಗು ಸರಿಪಡಿಸಿಕೊಂಡು ಏಳುವುದನ್ನು ನೋಡಿದಾಗ ಹಿಂದಿನ ಕೋಣೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಪೆಟ್ಟಿಗೆಯ ನೆನಪಾಯಿತು. “ನಾಳೆ ಬರ್ರಿ ಅಕ್ಕಾರ, ಒಂದ ಯಂತ್ರ ಐತಿ” ಎಂದುಬಿಟ್ಟೆ. ಧಂದೆಯಲ್ಲಿ ಹೊಸಬರಿಗೆ ಒಂದು ಮಾತು: ಪರೀಕ್ಷೆ ಮಾಡದ ಮಾಲಿನ ಮೇಲೆ ಮಾತು ಕೊಡಬೇಡಿ. ನಾನು ಕೊಟ್ಟೆ.

ಆ ಪೆಟ್ಟಿಗೆ ಜೋಯಿಡಾ ಕಡೆಯ ಒಬ್ಬ ಹೋಮ್‌ಸ್ಟೇ ಮಾಲೀಕರದು. ಕಾಡಿನಲ್ಲಿ ಕುಳಿತು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆಂದು ಮಾಡ್ಯುಲರ್ ಸಿಂಥಸೈಜರ್ ತರಿಸಿದ್ದರು. ಎರಡು ಮಳೆಗಾಲದ ತೇವಕ್ಕೆ ಸಾಕೆಟ್ಟುಗಳು ಕಿಲುಬು ಹಿಡಿದವು, ಅವರ ಉತ್ಸಾಹವೂ ಹಾಗೇ ಆಯಿತು. ಎರಡು ಹಾರ್ನ್ ಸ್ಪೀಕರು, ಒಂದು ಹಳೆಯ ಇನ್ವರ್ಟರ್ ಕೊಟ್ಟು ನಾನು ಅದನ್ನು ಎತ್ತಿಕೊಂಡು ಬಂದಿದ್ದೆ. ಬಿಡಿಭಾಗ ಮಾಡಿ ಮಾರುವ ಯೋಚನೆ. ಸಾಮಾನ್ಯ ಕೀಬೋರ್ಡಿನಲ್ಲಿ ಎಲ್ಲವೂ ಒಳಗೇ ಜೋಡಿಸಿರುತ್ತದೆ. ಇದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪಟ್ಟಿ: ಶಬ್ದ ಹುಟ್ಟಿಸುವುದು ಒಂದು, ಸೋಸುವುದು ಒಂದು, ಏರಿಸಿ ಇಳಿಸುವುದು ಒಂದು. ಅವನ್ನು ನಾವೇ ವೈರಿನಿಂದ ಬೇಕಾದ ಹಾಗೆ ಜೋಡಿಸಬೇಕು. ಅದರಲ್ಲೊಂದು ಅಗಲವಾದ ಪಟ್ಟಿ ವೊಕೋಡರ್.

ಅದು ಏನು ಮಾಡುತ್ತದೆ ಎಂದರೆ, ನಮ್ಮ ಹಾಡಿನಲ್ಲಿ ಎರಡು ಕೆಲಸ ಕೂಡಿರುತ್ತವೆ. ಗಂಟಲು ದನಿ ಹುಟ್ಟಿಸುತ್ತದೆ, ಬಾಯಿ ಅದಕ್ಕೆ ಆಕಾರ ಕೊಡುತ್ತದೆ. ‘ಆ’ ಎನ್ನಿ, ‘ಈ’ ಎನ್ನಿ, ಗಂಟಲು ಮಾಡುವುದು ಒಂದನ್ನೇ. ಬದಲಾಗುವುದು ಬಾಯಿ. ವೊಕೋಡರ್ ಆಕಾರವನ್ನು ಒಬ್ಬರ ಬಾಯಿಂದ ತೆಗೆದುಕೊಂಡು ಬೇರೆ ಯಾವುದೋ ದನಿಯ ಮೇಲೆ ಹೊದಿಸುತ್ತದೆ. ಒಳಗೆ ಹದಿನಾರು ಜರಡಿಗಳಿವೆ ಎಂದುಕೊಳ್ಳಿ. ದಪ್ಪ ಶಬ್ದದಿಂದ ಸಣ್ಣ ಶಬ್ದದವರೆಗೆ ಒಂದೊಂದು ಜರಡಿಯಲ್ಲಿ ಒಂದೊಂದು ಪಾಲು. ಮೈಕಿನಿಂದ ಬಂದ ಮಾತಿನಲ್ಲಿ ಯಾವ ಪಾಲು ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ಅಳೆದು ಅಷ್ಟು ವೋಲ್ಟೇಜು ಹೊರಗೆ ಬಿಡುತ್ತದೆ. ಇನ್ನೊಂದು ಕಡೆ ಅಂಥವೇ ಹದಿನಾರು ಜರಡಿ, ಅವುಗಳಿಗೆ ಹದಿನಾರು ತೂಬು. ಅಲ್ಲಿ ಹರಿಯುವುದು ಎರವಲು ದನಿ. ಮಾತಿನ ವೋಲ್ಟೇಜು ಎಷ್ಟೋ ತೂಬು ಅಷ್ಟು ಏಳುತ್ತದೆ. ಹೊರಗೆ ಬರುವುದು ಎರವಲು ದನಿಯಾದರೂ ಆಡುವುದು ನಿಮ್ಮ ಮಾತು.

ಆಕೆಗೆ ಹೋಗಿದ್ದು ದನಿ, ಆಕಾರವಲ್ಲ. ಪಿಸುಮಾತಿನಲ್ಲೂ ‘ಆ’ ಬೇರೆ, ‘ಈ’ ಬೇರೆ ಕೇಳಿಸುತ್ತದಲ್ಲ, ಅಷ್ಟು ಸಾಕು ಎಂದು ನನ್ನ ತರ್ಕ.

ಮರುದಿನ ಸಾಕೆಟ್ಟು ತಿಕ್ಕಿ ಜೋಡಿಸಿ, ಎರವಲು ದನಿಗೆ ಆಸಿಲೇಟರ್, ಅಂದರೆ ಶಬ್ದ ಹುಟ್ಟಿಸುವ ಪಟ್ಟಿ, ಹಚ್ಚಿ, ಆಕೆಯ ಕೈಗೆ ಮೈಕ್ ಕೊಟ್ಟೆ. ಸ್ಪೀಕರಿನಿಂದ ‘ಸ್ಸ್ಸ್’ ಎಂದು ಒಗ್ಗರಣೆ ಹಾಕಿದ ಹಾಗೆ ಸದ್ದು. ನಾನೇ ಮಾತಾಡಿದರೆ ಸರಿಯಾಗಿ ಬರುತ್ತದೆ, ಆಕೆ ಮಾತಾಡಿದರೆ ಒಗ್ಗರಣೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕ ಕಾರಣ ಬಲು ಸಣ್ಣದು. ‘ಸ’, ‘ಶ’ ಅನ್ನುವಾಗ ಯಾರ ಗಂಟಲಿನಲ್ಲೂ ದನಿ ಇರುವುದಿಲ್ಲ, ಬರೀ ಗಾಳಿ. ಅದನ್ನು ಗುರುತಿಸಿ, ಆ ಕ್ಷಣಕ್ಕೆ ಎರವಲು ದನಿ ಬಿಟ್ಟು ಗಾಳಿಸದ್ದು ಹಾಕುವ ಜಾಣ ಸರ್ಕಿಟ್ ಆ ಪಟ್ಟಿಯಲ್ಲಿತ್ತು. ಈಕೆಯ ಬಾಯಿಂದ ಬರುವುದೆಲ್ಲ ಗಾಳಿಯೇ. ಇಡೀ ಹಾಡನ್ನು ಅದು ಒಂದು ಉದ್ದ ‘ಸ’ ಎಂದು ತಿಳಿದಿತ್ತು. ಆ ವೈರ್ ಕಿತ್ತೆ. ‘ಸ’ಕಾರಕ್ಕೆ ಬೇಕಾದ ಸಣ್ಣ ಶಬ್ದದ ಪಾಲನ್ನು ಮಾತ್ರ ಆಕೆಯ ಮೈಕಿನಿಂದಲೇ ನೇರ ತಂದು ಸ್ವಲ್ಪ ಬೆರೆಸಿದೆ. ಜಾಣ ಯಂತ್ರದ ಜಾಣತನ ಎಲ್ಲರಿಗೂ ಹೊಂದುವುದಿಲ್ಲ. ಮೊದಲು ಅದನ್ನು ಬಂದ್ ಮಾಡಿ ನೋಡುವುದು ಒಳ್ಳೆಯದು.

“ಈಗ ಏನರ ಅನ್ರಿ ಅಕ್ಕಾರ.”

“ಮೂರ ದಿನ ಆತು, ನಿಮ್ಮ ಅಂಗಡ್ಯಾಗ ಚಾ ಕೊಡೂ ಪದ್ಧತಿ ಇಲ್ಲೇನ್ರಿ?” ಎಂದಿತು ಸ್ಪೀಕರು.

ಹುಡುಗಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. ನಾನು ಚಹಾಕ್ಕೆ ಹೇಳಿಕಳಿಸಿದೆ. ಆದರೆ ಅತ್ತೆಯ ಮುಖದಲ್ಲಿ ಗೆಲುವಿರಲಿಲ್ಲ. ಇನ್ನೊಂದು ಸಲ ಮಾತಾಡಿ, ತಲೆ ಓರೆ ಮಾಡಿ ಕೇಳಿ, ಮೈಕ್ ಕೆಳಗಿಟ್ಟಳು. ನನ್ನ ಕಡೆ ಬಗ್ಗಿ, “ರೈಲು ತಡಾ ಐತಿ ಅಂತ ಟೇಶನ್ಯಾಗ ಹೇಳತಾಳಲ್ಲ, ಅಕಿ ಇದು. ನಾ ಅಲ್ಲ” ಅಂದಳು.

ಸರಿಯೇ. ಆಸಿಲೇಟರ್ ಒಂದೇ ಸುರದಲ್ಲಿ ನಿಲ್ಲುತ್ತದೆ. ಸುರ ಬದಲಿಸಲು ಕೀಬೋರ್ಡ್ ಒತ್ತಬೇಕು. ನನ್ನ ಬೆರಳಿಗೆ ಸೋಲ್ಡರಿಂಗ್ ಬರುತ್ತದೆ, ಸಂಗೀತ ಬರುವುದಿಲ್ಲ. ಆಗಲೇ ಯೋಚನೆ ತಿರುಗಿದ್ದು: ಎರವಲು ದನಿ ಯಂತ್ರದ್ದೇ ಆಗಬೇಕೆಂದು ಯಾರು ಹೇಳಿದರು? ಹದಿನಾರೂ ಜರಡಿ ತುಂಬುವಷ್ಟು ಪಾಲು ಇರಬೇಕು, ನಡುವೆ ಕಡಿಯದೆ ಹರಿಯಬೇಕು. ಕೊಳಲು ಆಗದು, ಅದರ ದನಿ ನಾಲ್ಕೈದು ಜರಡಿ ತುಂಬಿದರೆ ಹೆಚ್ಚು. ಹಾರ್ಮೋನಿಯಮ್ಮಿನ ಹಿತ್ತಾಳೆ ಪಟ್ಟಿ ಝೇಂಕರಿಸುವುದು ಹೆಚ್ಚುಕಡಿಮೆ ನಮ್ಮ ಗಂಟಲಿನ ಹಾಗೆಯೇ. ಅದಕ್ಕೂ ಉಸಿರೇ ಬೇಕು.

ನಮ್ಮ ಓಣಿಯಲ್ಲಿ ಭಜನಾ ಮಂಡಳಿಯ ಹಾರ್ಮೋನಿಯಂ ಮಾಸ್ತರರಿದ್ದಾರೆ. ಹಣೆ ತುಂಬ ವಿಭೂತಿ, ವಚನ ಬಿಟ್ಟರೆ ಬೇರೆ ನುಡಿಸಿದವರಲ್ಲ.

“ಬೀಗರನ್ನ ಬೈಯೂ ಹಾಡಿಗೆ ನನ್ನ ಪೆಟಗಿ? ಮಂಡಳಿಯವರು ಏನ ಅಂದಾರೊ?”

“ನೀವು ಬೈಯೂದಿಲ್ಲಲ್ರಿ ಮಾಸ್ತರ. ನೀವು ಬರೇ ಸ ರಿ ಗ. ಬೈಗಳ ಎಲ್ಲಾ ಅಕ್ಕಾರದು.”

ಅವರು ಗಡ್ಡ ಕೆರೆದುಕೊಂಡರು. “ನಮ್ಮ ಮದುವ್ಯಾಗ ನಮ್ಮ ಬೀಗತಿ ನನಗ ಅಂದದ್ದು ಇನ್ನೂ ನೆನಪೈತಿ. ಒಬ್ಬರಿಗರ ಅದು ತಿರುಗಿ ಮುಟ್ಟಲಿ. ಬರ್ತೇನಿ.”

ಹಾಡಿನ ಧಾಟಿ ಐದೇ ಸುರದ್ದು. ಮಾತು ಬದಲಾಗುತ್ತದೆ, ಧಾಟಿ ಬದಲಾಗುವುದಿಲ್ಲ. ಹುಡುಗಿ ಗುನುಗಿ ತೋರಿಸಿದಳು, ಮಾಸ್ತರರು ಒಂದು ಸಂಜೆಯಲ್ಲಿ ಹಿಡಿದರು. ಹಾರ್ಮೋನಿಯಮ್ಮಿನ ಹೊಟ್ಟೆಯೊಳಗೆ ಮೈಕ್ ಇಟ್ಟು ವೊಕೋಡರಿಗೆ ತಂದೆ. ಮಾಸ್ತರರು ತಿದಿ ಒತ್ತುತ್ತಲೇ ಇರಬೇಕು. ಆಕೆ ಸುಮ್ಮನಿದ್ದರೆ ತೂಬು ಮುಚ್ಚಿ ಸ್ಪೀಕರ್ ಮೌನ, ಬಾಯಾಡಿಸಿದರೆ ಹಾರ್ಮೋನಿಯಂ ಮಾತಾಡುತ್ತದೆ. ಮೊದಲ ಸಾಲು ಮುಗಿಸಿ ಆಕೆ ಎರಡನೆಯದನ್ನು ಹಾಡಿದಳು. ನಾನು ಕೇಳದೆಯೇ ಮೂರನೆಯದನ್ನೂ ಹಾಡಿದಳು.

ಇಲ್ಲಿಗೆ ಮುಗಿಯಿತು ಎಂದುಕೊಂಡವನು ನಾನು. ಮದುವೆಗೆ ಎಂಟು ದಿನವಿರುವಾಗ ಅವರ ಮನೆಯ ಅಂಗಳದಲ್ಲೇ ಒಂದು ತಾಲೀಮು ಇಟ್ಟುಕೊಂಡೆವು. ಓಣಿಯವರೆಲ್ಲ ನೆರೆದರು. ಆಕೆಯ ಅಣ್ಣ, ಅಂದರೆ ಮದುಮಗಳ ತಂದೆ, ಡಮಾಮಿ ತಂದು ಪಕ್ಕದಲ್ಲಿ ಕುಳಿತರು. ಅದು ಅವರ ಡೋಲು. ತಂಗಿ ಹಾಡುವಾಗ ಅಣ್ಣ ಬಡಿಯುವುದು ಚಿಕ್ಕಂದಿನಿಂದ ಬಂದ ರೂಢಿ. ಮೊದಲ ಪೆಟ್ಟು ಬಿತ್ತು. ಸ್ಪೀಕರಿನಿಂದ ಹಾರ್ಮೋನಿಯಂ ‘ಭೋವ್’ ಎಂದಿತು. ಎರಡನೆಯ ಪೆಟ್ಟಿಗೆ ಮತ್ತೆ ‘ಭೋವ್’. ಪಿಸುಮಾತು ಹಿಡಿಯಲು ಮೈಕನ್ನು ಪೂರಾ ಏರಿಸಿದ್ದೆ. ಡೋಲಿನ ಸದ್ದು ಅದರಲ್ಲಿ ಬಿದ್ದು ಹದಿನಾರೂ ತೂಬು ಒಮ್ಮೆಲೇ ಎತ್ತುತ್ತಿತ್ತು. ಡೋಲಿನ ಪೆಟ್ಟಿಗೆ ಹಾರ್ಮೋನಿಯಂ ಬೊಗಳಿದರೆ ಯಾರು ನಗುವುದಿಲ್ಲ? ಎಲ್ಲರೂ ನಕ್ಕರು. ಆಕೆ ಹಾಡುವುದನ್ನು ನಿಲ್ಲಿಸಿ ಮೈಕನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಅಣ್ಣ ಡಮಾಮಿಯನ್ನು ಬದಿಗಿಟ್ಟು ನನ್ನ ಹತ್ತಿರ ಬಂದರು. ಜೋರು ಮಾಡಲಿಲ್ಲ. “ಸಾವಕಾರ್ರ, ಅಕಿ ಸುಮ್ಮನ ಕುಂತದ್ದನ್ನ ಒಂದ ವರ್ಷ ನೋಡೇನಿ, ಇನ್ನೂ ನೋಡ್ತೇನಿ. ಅಕಿನ್ನ ನಗಿಪಾಟಲ ಮಾಡೂದು ನೋಡೂದಾಗಂಗಿಲ್ಲ” ಅಂದರು.

ವೈರುಗಳನ್ನು ಒಂದೊಂದಾಗಿ ಕಿತ್ತೆ. ಸಾಮಾನು ಕಟ್ಟಿಕೊಂಡು ಬಂದೆ.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಡೋಲು ಕೇಳಿಸದ ಮೈಕ್ ಬೇಕಷ್ಟೇ ಎಂದು, ಗಂಟಲಿಗೆ ಅಂಟಿಸಿ ಚರ್ಮದ ಅದುರು ಹಿಡಿಯುವ ಮೈಕನ್ನು ಹುಬ್ಬಳ್ಳಿಯಿಂದ ತರಿಸಿದೆ. ಹುಡುಗಿಯ ಮೂಲಕ ಅತ್ತೆಯನ್ನು ಒಪ್ಪಿಸಿ ಕರೆಸಿ ಹಚ್ಚಿದೆ. ಡೋಲಿಗೆ ಅದು ಜಗ್ಗಲಿಲ್ಲ ನಿಜ. ಮಾತನ್ನೂ ಹಿಡಿಯಲಿಲ್ಲ. ಅದುರು ಇಲ್ಲದ ಗಂಟಲಿಗೆ ಅದುರು ಹಿಡಿಯುವ ಮೈಕ್! ಆಕೆ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. “ಅಣ್ಣಾರ, ಗಂಟಲ ಹ್ವಾದದ್ದು. ಬಾಯಿ ಅಲ್ಲ.” ನಾನೇ ವಿವರಿಸಿ ಹೇಳಿದ್ದ ಪಾಠವನ್ನು ನನಗೇ ವಾಪಸು ಕೊಟ್ಟಳು.

ಹಾಗಾದರೆ ಮೈಕ್ ತುಟಿಯ ಹತ್ತಿರವೇ ಇರಬೇಕು, ಬೆರಳಿನಷ್ಟು ಅಂತರದಲ್ಲಿ. ಹತ್ತಿರವಾದಷ್ಟೂ ಮೈಕನ್ನು ಇಳಿಸಬಹುದು, ಇಳಿಸಿದಷ್ಟೂ ಹೊರಗಿನ ಸದ್ದು ಸಾಯುತ್ತದೆ. ಕೆನ್ನೆಯ ಮೇಲೆ ಹಾಯುವ ಒಳ್ಳೆಯ ಹೆಡ್‌ಸೆಟ್ ಮೈಕ್ ಈ ನಾಲ್ಕು ತಾಲೂಕಿನಲ್ಲಿ ನನಗೆ ತಿಳಿದಂತೆ ಒಬ್ಬರ ಹತ್ತಿರವಿತ್ತು: ಮುಂಡಗೋಡದ ನನ್ನ ಎದುರಾಳಿ. ನಾವಿಬ್ಬರೂ ಎದುರಾದರೆ ನಮಸ್ಕಾರ ಮಾಡುವುದೂ ಕಡಿಮೆ. ಮದುವೆಯ ದಿನವೇ ಮುಂಡಗೋಡದಲ್ಲಿ ಒಂದು ದೊಡ್ಡ ಸಮಾರಂಭದ ಕೆಲಸ ನನಗೆ ಬಂದಿತ್ತು. ಅವನ ಊರಲ್ಲೇ ಅವನನ್ನು ದಾಟಿ ನಾನು ಹೊಡೆದುಕೊಂಡ ಕೆಲಸ. ಅದನ್ನು ಬಿಟ್ಟುಕೊಡುತ್ತೇನೆಂದು ಫೋನ್ ಮಾಡಿದೆ.

“ಅಂವಾ ಬಿಟ್ಟುಕೊಡ್ತಾನ ಅಂದರ ಏನರ ಕುತಂತ್ರ ಇರಬೇಕು” ಎಂದು ಪಕ್ಕದಲ್ಲಿದ್ದ ಯಾರಿಗೋ ಅವನು ಹೇಳುವುದು ಕೇಳಿಸಿತು.

“ಕುತಂತ್ರ ಇಲ್ಲೊ ಮಾರಾಯಾ. ಕೆಲಸ ನೀ ಮಾಡು, ಹೆಡ್‌ಸೆಟ್ ಮೈಕ್ ನನಗ ಕೊಡು. ಬಾಡಗಿ ಅಲ್ಲ, ಕಾಯಂ.”

ನನ್ನ ವ್ಯಾಪಾರದಲ್ಲಿ ಇಷ್ಟು ಅಸಮ ಅದಲುಬದಲು ಇನ್ನೊಂದಿಲ್ಲ. ಚೌಕಾಸಿಯಲ್ಲಿ ಎದುರಿನವರಿಗೆ ನಿಮ್ಮ ಅಗತ್ಯ ಕಾಣಬಾರದು ಎಂದು ಎಲ್ಲರಿಗೂ ಹೇಳುವವನು, ನನ್ನ ಅಗತ್ಯವನ್ನು ತಟ್ಟೆಯಲ್ಲಿಟ್ಟು ತೋರಿಸಿದ್ದೆ. ಸಂಜೆಯ ಬಸ್ಸಿಗೆ ಮೈಕ್ ಬಂತು.

ಆದರೂ ಡಮಾಮಿ ಹತ್ತಿರದಲ್ಲಿ ಬಿದ್ದರೆ ದಪ್ಪ ಶಬ್ದದ ನಾಲ್ಕು ತೂಬು ಜಿಗಿಯುತ್ತಲೇ ಇದ್ದವು. ಅವನ್ನು ಮುಚ್ಚಿಯೇಬಿಟ್ಟರೆ ಆಕೆಯ ದನಿ ತಗಡಾಗುತ್ತಿತ್ತು. ಉಳಿದ ದಾರಿ ಒಂದೇ, ಆಕೆಯ ಸಾಲಿನ ಹೊತ್ತಿಗೆ ಡೋಲು ನಿಲ್ಲಬೇಕು. ಅಣ್ಣನಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಅವರ ಮನೆಗೆ ಹೋಗಿ ಆಕೆಗೆ ಹೇಳಿದೆ. ಆಕೆ ಎದ್ದು ಅಂಗಳಕ್ಕೆ ಹೋಗಿ ಅಣ್ಣನ ಎದುರು ಕುಳಿತು ಡಮಾಮಿಯ ಚರ್ಮದ ಮೇಲೆ ಅಂಗೈ ಇಟ್ಟಳು. ಏನು ಪಿಸುಗುಟ್ಟಿದಳೋ ನನಗೆ ಕೇಳಿಸಲಿಲ್ಲ.

ಅವರು ಆ ಕೈಯನ್ನು ನೋಡಿ, “ಹಂಗಾರ ನೀ ಹಾಡೂಮುಂದ ನಾ ಏನ ಮಾಡಲಿ?” ಎಂದು ಕೇಳಿದರು.

ಅತ್ತೆಯ ತುಟಿ ನೋಡಿ ಹುಡುಗಿ ಜೋರಾಗಿ ಹೇಳಿದಳು: “ಎಲ್ಲಾರು ಹಾಡ ತಿರುಗಿ ಹೇಳೂಮುಂದ ನೀ ಬಡೀಬೇಕಂತ ಅಪ್ಪಾ. ಅಕಿ ಹಾಡೂಮುಂದ ನೀ ಕೇಳಬೇಕಂತ. ಇಷ್ಟ ವರ್ಷ ನೀ ಬಡಕೋತ ಕುಂತು ಒಂದ ಹಾಡ ಸುದ್ದ ನೆಟ್ಟಗ ಕೇಳಿಲ್ಲಂತ!”

ಅವರು ನಗದಿರಲು ಪ್ರಯತ್ನಪಟ್ಟರು, ಆಗಲಿಲ್ಲ.

ಮದುವೆಯ ದಿನ ಮಾಸ್ತರರನ್ನು ಒಳಗಿನ ಕೋಣೆಯಲ್ಲಿ ಕೂರಿಸಿದೆ. ಹಾರ್ಮೋನಿಯಮ್ಮಿನ ನೇರ ಸದ್ದು ಹೊರಗೆ ಬರಬಾರದು, ಆದರೆ ಕಿಟಕಿಯಿಂದ ಆಕೆಯ ಮುಖ ಅವರಿಗೆ ಕಾಣಬೇಕು. ಸ್ಪೀಕರುಗಳನ್ನು ಆಕೆಯ ಮುಂದಕ್ಕೆ, ಬೀಗರ ಕಡೆ ಮುಖ ಮಾಡಿ ನಿಲ್ಲಿಸಿದೆ. ಕರೆಂಟಿನ ಭರವಸೆ ಬೇಡವೆಂದು ಇನ್ವರ್ಟರ್. ಪ್ರತಿಯೊಂದು ವೈರಿಗೂ ಬಣ್ಣದ ಟೇಪು. ಗಡಿಬಿಡಿಯಲ್ಲಿ ನೆನಪನ್ನು ನಂಬುವವನು ಈ ಕೆಲಸಕ್ಕೆ ಬರಬಾರದು.

ಹನ್ನೊಂದರ ಸುಮಾರಿಗೆ ಮಳಗಿ ಊರಿನಿಂದ ಗಂಡಿನವರ ಟೆಂಪೊ ಬಂತು. ಮುಂದೆ ಗಂಡಿನ ಸೋದರಮಾವ, ಕರಿ ಕನ್ನಡಕ ಹಾಕಿಕೊಂಡು. ಹಂದರದ ಬಾಗಿಲಿಗೆ ಸೀರೆ ಅಡ್ಡ ಹಿಡಿದರು. ಅತ್ತೆ ಎದ್ದು ನಿಂತು ಮಾಸ್ತರರ ಕಡೆ ತಲೆಯಾಡಿಸಿದಳು.

“ಕರಿ ಕನ್ನಡಕದ ಮಾವ ಬಂದಾನ, ಬಾಗಲ ಯಾವುದು ತಿಳೀದ ನಿಂತಾನ,
ಹಂದರದ ಗಳಕ್ಕ ಕೈಯ ಮುಗದಾನ, ಬೀಗತಿ ಅಂತ ತಿಳದಾನ!”

ನಮ್ಮ ಕಡೆಯ ಹೆಂಗಸರು ತಿರುಗಿ ಹೇಳಿದರು, ಡಮಾಮಿ ಬಿತ್ತು. ಗಂಡಿನ ಕಡೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಅರ್ಥವಾಗಲಿಲ್ಲವೇನೋ ಎಂದು ಮಿಕ್ಸರಿಗೆ ಕೈ ಹಾಕಿದೆ. ಅರ್ಥವಾಗಿತ್ತು. ಆಕೆಯ ಆಪರೇಷನ್ನಿನ ಸುದ್ದಿ ಅವರಿಗೂ ಗೊತ್ತಿತ್ತು. ಅವರ ಹಾಡುಗಾರ್ತಿ, ಕುಂಕುಮ ಬಣ್ಣದ ಸೀರೆಯ ಗಟ್ಟಿ ಹೆಂಗಸು, ಮೆತ್ತಗೆ ಹಾಡಿದಳು:

“ನಿನ್ನ ಹಾಡಿಗೆ ನಾವು ಸೋತೇವ ತಾಯಿ, ಬಾಗಲ ತೆರೆದು ಕರಿಯವ್ವಾ.”

ಸೀರೆ ಹಿಡಿದವರು ಸರಿಸಲು ಹೊರಟರು. ಅತ್ತೆ ಕೈಯೆತ್ತಿ ತಡೆದಳು. ಒಂದೇ ಸಾಲಿಗೆ ಸೋಲೊಪ್ಪುವುದೆಂದರೆ ಭಿಕ್ಷೆ ಹಾಕಿದ ಹಾಗೆ. ಆಕೆಯ ಮೂಗಿನ ಹೊಳ್ಳೆ ಅರಳಿದ್ದು ನನಗೆ ಕಾಣಿಸಿತು. ಪಕ್ಕದಲ್ಲಿ ಕುಳಿತ ಮದುಮಗಳು ತಲೆ ತಗ್ಗಿಸಿದ್ದಳು, ಕಣ್ಣು ತುಂಬಿತ್ತು.

“ಒಂದ ಮಾತಿಗೆ ಸೋತವಳ್ಯಾರ? ನಾಲಿಗಿ ತವರಾಗ ಮರತವಳ್ಯಾರ?
ಟೆಂಪೋದಾಗ ನಿದ್ದಿ ಹೊಡದವಳ, ಹಾಡ ಬರದಿದ್ದರ ತಿರುಗಿ ಹೋಗ!”

ಕುಂಕುಮ ಸೀರೆಯವಳ ಕರುಣೆ ಅಲ್ಲಿಗೆ ಮುಗಿಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಬಂದಳು.

“ಗಿರಣ್ಯಾಗ ಹಿಟ್ಟ ಬೀಸೂ ದನಿಯವಳ, ಪೆಟಗಿ ಇಲ್ಲದ ಮಾತಿಲ್ಲ,
ವೈರ ಜಗ್ಗಿದರ ಬಾಯಿ ಬಂದ ಆಗತೈತಿ, ಜಂಬ ಮಾತ್ರ ಕಮ್ಮಿಲ್ಲ!”

ಯಾರೋ “ಅಯ್ಯಯ್ಯ” ಎಂದರು. ಮಳಗಿಯ ಹಿರಿಯರೊಬ್ಬರು ಹಾಡುಗಾರ್ತಿಯ ರಟ್ಟೆ ಹಿಡಿದರು. ಅಣ್ಣ ಡಮಾಮಿಯ ಕೋಲು ಕೆಳಗಿಟ್ಟರು. ನಾನು ಅತ್ತೆಯ ಮುಖ ನೋಡಿದೆ.

ಆಕೆಯ ಹೊಟ್ಟೆ ಕುಣಿಯುತ್ತಿತ್ತು. ಮಾಸ್ತರರು ಏನಾಯಿತೆಂದು ತಿಳಿಯದೆ, ಮೇಲಿನ ಸುರದಲ್ಲಿ ಬೆರಳಿಟ್ಟು ತಿದಿ ಒತ್ತುತ್ತಲೇ ಇದ್ದರು. ಆಕೆಯ ಬಾಯಿ ಪೂರಾ ತೆರೆಯಿತು, ಹದಿನಾರೂ ತೂಬು ಎದ್ದವು, ಎರಡು ಸ್ಪೀಕರುಗಳಿಂದ ಹಾರ್ಮೋನಿಯಂ ಹಹ್ಹಹ್ಹಹ್ಹಾ ಎಂದು ನಕ್ಕಿತು. ಮೊದಲು ಮದುಮಗಳು ತಲೆಯೆತ್ತಿದಳು. ಕಣ್ಣೀರು ಹಾಗೇ ಇಳಿಯುತ್ತಿದ್ದರೂ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದ್ದಳು. ನನ್ನ ಮಿಕ್ಸರಿನ ಮುಳ್ಳು ಕೆಂಪಿಗೆ ಹೋಗಿ ನಿಂತಿತ್ತು. ಬೇರೆ ದಿನವಾಗಿದ್ದರೆ ಕೂಡಲೇ ಇಳಿಸುತ್ತಿದ್ದೆ. ಅವತ್ತು ಗುಂಡಿಯಿಂದ ಕೈ ತೆಗೆದೆ.